ಸರ್ಟಿಫಿಕೇಟು ಐತ್ರಿ, ಕೆಲಸ ಕೊಡ್ರಿ

ಕಲಿಯದ್ದನ್ನು ಕಲಿತೆ ಅಂತ ಕಾಗದ ತೋರಿಸಬಾರದು. ಇಷ್ಟೇ ನಿಯಮ. ಇದನ್ನು ಮುರಿಯುವವರು ನನ್ನ ಮೇಜಿನ ಮುಂದೆ ವರ್ಷವಿಡೀ ಬಂದು ಕೂಡುತ್ತಾರೆ, ನನ್ನ ಬಿಪಿ ವರ್ಷವಿಡೀ ಏರುತ್ತಿರುತ್ತದೆ.

ನಾನು ಒಂದು ಬೀಜದ ಕಂಪನಿಯ ಮ್ಯಾನೇಜರು. ಈ ಸಲ ಹಿರೇಕೆರೂರಿನ ಘಟಕದಲ್ಲಿ ಬೀಜ ಮೊಳಕೆಯೊಡೆಯುತ್ತದೋ ಇಲ್ಲವೋ ಪರೀಕ್ಷೆ ಮಾಡಲು ಒಬ್ಬರು ಬೇಕಾಗಿತ್ತು. ಹುದ್ದೆ ಒಂದೇ. ಆದರೆ ಆ ಖುರ್ಚಿಯಲ್ಲಿ ಕೂತವರು ಸತ್ತ ಬೀಜಕ್ಕೆ ‘ಪಾಸ್’ ಅಂದರೆ, ಅದನ್ನು ಬಿತ್ತಿದ ರೈತನ ಒಂದು ಹಂಗಾಮೇ ಮಣ್ಣುಪಾಲು. ನಮ್ಮ ಸಾಹುಕಾರರದು ಮಾತ್ರ ಬೇರೆಯೇ ಹಟ.

“ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್ ಇರಬೇಕ್ರಿ. ತಪಾಸಣಿಗೆ ಬಂದವ್ರು ಫೈಲ್ ನೋಡ್ತಾರ, ಬೀಜ ನೋಡಂಗಿಲ್ಲ.”

ಹಲ್ಲು ಕಚ್ಚಿಕೊಂಡು ನಾಲ್ಕು ಊರಿನ ನಮ್ಮ ಅಂಗಡಿಗಳಲ್ಲಿ ಸಂದರ್ಶನಕ್ಕೆ ಕೂತೆ.

ಹಾನಗಲ್ಲಿನ ಮಾತುಗಾರ

ಹುಡುಗ ತಂದೆಯನ್ನು ಕರೆದುಕೊಂಡು ಬಂದಿದ್ದ. ಬೀಜದ ಕೋರ್ಸಿನ ಜೊತೆಗೆ ‘ಪರಿಣಾಮಕಾರಿ ಮಾತುಗಾರಿಕೆ’ಯ ಸರ್ಟಿಫಿಕೇಟೂ ಇತ್ತು.

“ಹೆಸರೇನಪ್ಪಾ?” ಅಂದೆ. ತಂದೆ ಹೇಳಿದರು. “ಏನ್ ಓದೀದಿ?” ಅದನ್ನೂ ತಂದೆಯೇ ಹೇಳಿದರು. “ಬೀಜ ಯಾಕ ಮೊಳಕಿ ಒಡಿಯಂಗಿಲ್ಲ?” ಅಂದೆ. ತಂದೆ ಮತ್ತೆ ಬಾಯಿ ತೆರೆದರು. ನಾನು ಮೇಜು ಗುದ್ದಿದೆ.

“ಯಜಮಾನ್ರ, ಮಾತಾಡೂದು ಕಲತಾಂವ ಇವನೋ, ನೀವೋ?”

ಆತ ಒಂಚೂರೂ ಅಳುಕಲಿಲ್ಲ. “ಇವನ್ರಿ. ಆ ಕೋರ್ಸಿನ್ಯಾಗ ಮೊದ್ಲ ಸುಮ್ನ ಕುಂತು ಕೇಳೂದು ಕಲಸ್ತಾರಂತ. ಈಗ ಅದನ್ನ ಮಾಡಾಕತ್ತಾನ.”

ಸವಣೂರಿನ ಅಜ್ಜಿ

ಸವಣೂರಿಗೆ ಹೋದವರು ಅಲ್ಲಿಯ ಕರಿದ ತಿಂಡಿ ‘ಖಾರ’ ತರದೆ ಬಂದರೆ ಸಾಹುಕಾರರು ಸಂಬಳ ತಡೆಯುತ್ತಾರೆ. ಅದಕ್ಕೇ ಮೊದಲು ಖಾರ ಕಟ್ಟಿಸಿ ಚೀಲದಲ್ಲಿಟ್ಟುಕೊಂಡು ಕೂತಿದ್ದೆ. ಬಂದ ಹುಡುಗನ ಸರ್ಟಿಫಿಕೇಟು ವಿಡಿಯೋ ಪೂರ್ತಿ ನೋಡಿದವರಿಗೆ ಮಾತ್ರ ಕೊಡುವಂಥದ್ದು. ಮೊಳಕೆ ಪರೀಕ್ಷೆ ಹೆಂಗ ಮಾಡ್ತಿ ಅಂದರೆ ಫ್ಯಾನು ನೋಡಿದ.

“ವಿಡಿಯೋ ನೋಡೀಯೋ ಇಲ್ಲೋ?”

“ಓಡೇತ್ರಿ ಸರ್. ನಾ ವಾಲಿಬಾಲ್ ಆಡಾಕ ಹೋಗಿದ್ನಿ.”

“ಮತ್ತ ಯಾರ ಮುಂದ ಓಡಿತು?”

“ನಮ್ಮಜ್ಜಿ ಮುಂದ್ರಿ.”

“ನಾಚಿಕಿ ಆಗಂಗಿಲ್ಲೇನೋ! ವಯಸ್ಸಾದಾಕೀನ್ನ ಅಷ್ಟು ಹೊತ್ತು ಕುಂದ್ರಿಸೀಯಲ್ಲ!”

“ನಾ ಕುಂದ್ರಿಸಿಲ್ರಿ! ಎದ್ದು ಹೋಗಬೇ ಅಂದೆ. ‘ಪಾಪ, ಆ ಮಾಸ್ತರ ಬಾಯಿ ನೋಯೂಮಟ ಹೇಳಾಕತ್ತಾನ, ನಡುವ ಎದ್ರ ಏನ್ ತಿಳ್ಕೋತಾನ?’ ಅಂದ್ಲು.”

ಶಿಗ್ಗಾಂವಿಯ ಪ್ರಿಂಟರು

ಇಲ್ಲಿ ತಡಸದ ಕಡೆಯಿಂದ ಬಂದ ಮೂವರದೂ ಒಂದೇ ಅಂಕ. ಮೂವರ ಲ್ಯಾಮಿನೇಷನ್ನಿನ ಮೇಲೂ ಶಿಗ್ಗಾಂವಿಯ ಒಂದೇ ಕಂಪ್ಯೂಟರ್ ಸೆಂಟರಿನ ಚೀಟಿ. ನಾನು ಕಲಿತ ಇಂಗ್ಲಿಷ್ ಶಾಲೆಯಲ್ಲಿ ಪಕ್ಕದವನ ಹಾಳೆಗೆ ಕಣ್ಣು ಹೊರಳಿದರೂ ಬೆರಳ ಗೆಣ್ಣಿಗೆ ಅಡಿಪಟ್ಟಿಯ ಏಟು ಬೀಳುತ್ತಿತ್ತು. ಮೈ ಉರಿಯಿತು. ನೇರ ಸೆಂಟರಿಗೇ ನುಗ್ಗಿದೆ.

“ಬೀಜ ಹುಟ್ಟದಿದ್ರ ರೈತ ನಿಮ್ಮ ಕಾಗದ ಬಿತ್ತಬೇಕೇನು?” ಎಂದು ಕೂಗಾಡಿದೆ.

ಸೆಂಟರಿನವನು ತಣ್ಣಗಿದ್ದ. “ಕುಂಡ್ರಿ ಸರ್, ಚಾ ತಗೋರಿ. ಹೆಸರೇನಂದ್ರಿ?”

ಬಯ್ಯುವ ಭರದಲ್ಲಿ ಹೆಸರು ಹೇಳಿಬಿಟ್ಟೆ. ಪ್ರಿಂಟರು ಗರ್ ಅಂದಿತು. ನನ್ನದೇ ಹೆಸರಿನ ಸರ್ಟಿಫಿಕೇಟು ಹೊರಗೆ ಬಂತು: ‘ಕೋಪ ನಿಯಂತ್ರಣ, ಉನ್ನತ ಶ್ರೇಣಿ.’

“ರೊಕ್ಕ ಬ್ಯಾಡ್ರಿ ಸರ್,” ಅಂದ. “ನಿಮಗ ಭಾಳ ಅರ್ಜೆಂಟ್ ಐತಿ.”

ಹಿರೇಕೆರೂರಿನ ಖಾರ

ಕೊನೆಯ ದಿನ ಸಾಹುಕಾರರು ಖುದ್ದು ಬಂದು, ನಾನು ತಂದ ಸವಣೂರಿನ ಖಾರದ ಪೊಟ್ಟಣ ಬಿಚ್ಚಿಕೊಂಡು, ನನ್ನ ಪಕ್ಕ ಕೂತಿದ್ದರು. ಅಬಲೂರಿನ ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ಕಾಗದವಿಲ್ಲ, ಫೋನಷ್ಟೇ.

“ಕೋರ್ಸ್ ಪೂರ್ತಿ ನೋಡೇನ್ರಿ. ಕಡೀ ಪರೀಕ್ಷಾದಾಗ ಫೇಲ್ ಆಗೇನಿ. ಮತ್ತ ಬರೀತೇನಿ,” ಎಂದು ಫೇಲಾದ ಪುಟವನ್ನೇ ತೆರೆದು ತೋರಿಸಿದಳು.

ಪ್ರಶ್ನೆ ಕೇಳಿದೆ. ಒಂದಿಷ್ಟಕ್ಕೆ ಸರಿಯಾಗಿ ಹೇಳಿದಳು. ಉಳಿದದ್ದಕ್ಕೆ, “ಇದು ನನಗಿನ್ನೂ ತಿಳಿದಿಲ್ರಿ,” ಅಂದಳು. ಇಷ್ಟು ತಿರುಗಿದ ಮೇಲೆ ಈ ಮಾತು ಕೇಳಿದ್ದು ಅದೇ ಮೊದಲು. ಕೆಲಸ ಸಿಗದಿದ್ದರೆ ಏನು ಮಾಡ್ತಿ ಅಂದರೆ, ಕೂಸನ್ನು ಅವ್ವನ ಹತ್ತಿರ ಬಿಟ್ಟು ಹುಬ್ಬಳ್ಳಿಗೆ ದುಡಿಯಲು ಹೋಗಬೇಕು ಅಂದಳು.

ಸಾಹುಕಾರರಿಗೂ ಅವಳು ಹಿಡಿಸಿದಳು. ಹಿಡಿಸಿದ್ದಕ್ಕೇ ಶಿಗ್ಗಾಂವಿಯ ಅದೇ ಸೆಂಟರಿಗೆ ಫೋನು ಹಚ್ಚಿದರು. ಚಾ ಮುಗಿಯುವುದರೊಳಗೆ ಅವಳ ಹೆಸರಿನ ಸರ್ಟಿಫಿಕೇಟು ನಮ್ಮ ಅಂಗಡಿಯ ಪ್ರಿಂಟರಿನಲ್ಲೇ, ಒಳ್ಳೆಯ ದಪ್ಪ ಕಾಗದದ ಮೇಲೆ ಬಂತು.

“ತಗೋವಾ, ಫೈಲಿಗೆ ಹಚ್ಚು. ನಾಳಿಂದ ಬಾ.”

ನಾನು ಎದ್ದು ನಿಂತೆ. “ಇದು ಮೋಸ! ನಾನು ಸಹಿ ಮಾಡಂಗಿಲ್ಲ!”

“ಕುಂಡ್ರಿ ಮ್ಯಾನೇಜರ್ರ,” ಅಂದರು ಸಾಹುಕಾರರು. “ಸೆಂಟರಿನಾಂವ ಎಲ್ಲಾ ಹೇಳ್ಯಾನ. ನಿಮ್ಮ ಕೋಪದ ಕೋರ್ಸ್ ಮುಗದೈತೆಲ್ಲ.”

ಆ ಹೆಣ್ಣುಮಗಳು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಉನ್ನತ ಶ್ರೇಣಿ.

“ಈ ಕಾಗದದಾಗಿನಾಕಿ ನನಗಿಂತ ಶಾಣ್ಯಾಕಿ ಅದಾಳ್ರಿ,” ಅಂದಳು. “ಕೆಲಸ ಈಕೀಗೇ ಕೊಡ್ರಿ. ನಾ ಪಾಸಾದಮ್ಯಾಲ ಬರ್ತೇನಿ.”

ಸಾಹುಕಾರರು ಕಕ್ಕಾಬಿಕ್ಕಿಯಾದರು. “ಅಲ್ಲ ಯವ್ವಾ, ಮಾಡಿಸೇನಲ್ಲ! ಈಗಿದನ್ನ ಏನ್ ಮಾಡ್ಲಿ?”

ಅವಳು ಸರ್ಟಿಫಿಕೇಟನ್ನು ಮೇಜಿನ ಮೇಲೆ ನೀಟಾಗಿ ಹಾಸಿದಳು. ಪೊಟ್ಟಣದಲ್ಲಿ ಉಳಿದಿದ್ದ ಖಾರವನ್ನೆಲ್ಲ ಅದರ ಮೇಲೆ ಸುರಿದು, ಸಾಹುಕಾರರ ಮುಂದೆ ಸರಿಸಿದಳು.

“ತಿನ್ರಿ. ಕಾಗದ ದಪ್ಪ ಐತಿ, ಎಣ್ಣಿ ಕೆಳಗ ಇಳಿಯಂಗಿಲ್ಲ.”