ರೈಲು ಮೇಜಿನ ನಾಲ್ಕು ಕಾಲು

ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವಾಗ ಸಿಗುವ ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಆ ಸುಖಕ್ಕೆ ಸಂಬಳವನ್ನೂ ಪಡೆದವನು ನಾನು. ಕಾರವಾರದ ಗುತ್ತಿಗೆದಾರರೊಬ್ಬರ ಬಳಿ ಮೂವತ್ತು ವರ್ಷ ಮೇಲ್ವಿಚಾರಕನಾಗಿದ್ದೆ. ಗಾರೆಯವರು ಬಿಸಿಲಲ್ಲಿ ಕಟ್ಟಿದ್ದನ್ನು ನೆರಳಲ್ಲಿ ನಿಂತು, ಮಡಚುವ ಮರದ ಅಳತೆಪಟ್ಟಿ ಹಿಡಿದು, ಸರಿಯಿಲ್ಲ ಎನ್ನುವುದೇ ನನ್ನ ಕಸುಬು. ನಿವೃತ್ತನಾದ ಮೇಲೆ ಅಳೆಯಲು ಏನೂ ಉಳಿಯಲಿಲ್ಲ. ಹೆಂಡತಿ ಸುಮಿತ್ರಾಳ ದೋಸೆಗೆ ಪಟ್ಟಿ ಹಿಡಿಯುವಷ್ಟು ಧೈರ್ಯ ನನಗಿಲ್ಲ.

ಹೀಗಾಗಿ ಹಬ್ಬುವಾಡದ ನಮ್ಮ ಮನೆಯ ಹೊರಕೋಣೆಯಲ್ಲಿ ಮಾದರಿ ರೈಲು ಓಡಿಸುವ ಹುಚ್ಚು ಹತ್ತಿತು. ಅದನ್ನು ಆಟಿಕೆ ಎಂದವರ ಜೊತೆ ನಾನು ಮಾತು ಬಿಡುತ್ತೇನೆ. ಅಂಕೋಲೆ ಬಳಿಯ ಬೊಬ್ರುವಾಡದ ಗದ್ದೆಯಲ್ಲಿ ನಟ್ಟಿ ಮಾಡುತ್ತ ಬೆಳೆದ ನಮಗೆ ರೈಲೆಂದರೆ ಪಠ್ಯಪುಸ್ತಕದ ಚಿತ್ರ ಮಾತ್ರ; ನಿಜವಾದದ್ದು ಅಂಕೋಲೆಗೆ ಬರುವ ಹೊತ್ತಿಗೆ ನನ್ನ ತಲೆಯಲ್ಲಿ ಬಿಳಿಕೂದಲು ಬಂದಿತ್ತು. ಹಳಿ ಹಾಸಲು ಎಂಟಡಿ ಉದ್ದದ, ಅಲುಗಾಡದ ಮೇಜು ಬೇಕಿತ್ತು. ಕೇಣಿಯ ಕಡಲತೀರದಲ್ಲಿ ಹಳೇ ದೋಣಿಯೊಂದನ್ನು ಒಡೆಯುತ್ತಿದ್ದರು. ಅದರ ಹಲಗೆಯಲ್ಲೇ ಮೇಜು ಮಾಡಿಕೊಡಲು ಒಪ್ಪಿದವನು ಬೊಮ್ಮಯ್ಯ, ಜೀವಮಾನವಿಡೀ ದೋಣಿ ಕಟ್ಟಿದ ಬಡಗಿ. ಅವನು ಕೋಣೆ ನೋಡಲು ಬಂದಾಗ ನಾನು ಮಧ್ಯಾಹ್ನದ ನಿದ್ದೆಯೆಂಬ ಮುಖ್ಯ ಕೆಲಸದಲ್ಲಿದ್ದೆ. ನೀರು ತುಂಬಿದ ಪ್ಲಾಸ್ಟಿಕ್ ನಳಿಗೆ ಹಿಡಿದು ಮೂಲೆ ಮೂಲೆ ನೋಡಿ ಹೋದನಂತೆ.

ಮೇಜು ಟೆಂಪೋದಲ್ಲಿ ಬಂತು. ಮೀನೆಣ್ಣೆ ಕುಡಿದು ಕಪ್ಪಾದ ಹಲಗೆ. ಓಣಿಯ ಬೆಕ್ಕುಗಳೆಲ್ಲ ಮೂಸಿ ನೋಡಿ ಮಂಜೂರಾತಿ ಕೊಟ್ಟವು. ನಾನು ಪಟ್ಟಿ ಬಿಚ್ಚಿದೆ. ನಾಲ್ಕು ಕಾಲು, ನಾಲ್ಕು ಉದ್ದ! ಅಷ್ಟು ಸಂತೋಷ ನನಗೆ ನಿವೃತ್ತಿಯ ನಂತರ ಆಗಿರಲಿಲ್ಲ. ಗರಗಸ ತಂದು, ಗಿಡ್ಡ ಕಾಲಿಗೆ ಸಮನಾಗಿ ಉಳಿದ ಮೂರನ್ನೂ ಕೊಯ್ದೆ. ಸಂಜೆ ಚಹಾದಂಗಡಿಗೆ ಹೋಗಿ, "ದೋಣಿಯವನ ಹತ್ರ ಬಾಗಿಲು ಮಾಡಿಸಿದರೆ ಅದಕ್ಕೂ ಹುಟ್ಟು ಹಾಕಬೇಕಾದೀತು" ಎಂದೆ. ಎಲ್ಲರೂ ನಕ್ಕರು. ಹೊಸ ಮನೆಯ ಬಾಗಿಲು ಕಿಟಕಿಗಳನ್ನು ಬೊಮ್ಮಯ್ಯನಿಗೆ ಒಪ್ಪಿಸಿದ್ದ ನೆರೆಮನೆಯ ಶಾಂತಾರಾಮ ಮಾತ್ರ ನಗಲಿಲ್ಲ. ಮರುದಿನವೇ ಆ ಕೆಲಸ ಬೇಡವೆಂದು ಬೊಮ್ಮಯ್ಯನಿಗೆ ಹೇಳಿಬಿಟ್ಟ.

ಹಳಿ ಹಾಸಿ ರೈಲು ಇಟ್ಟೆ. ಕರೆಂಟು ಕೊಡುವ ಮೊದಲೇ ಅದು ಬಾಗಿಲ ಕಡೆ ಹೊರಟು ನೆಲಕ್ಕೆ ಬಿತ್ತು. ಆರು ದಿನ ಅದೇ ಕತೆ. ಆರು ದಿನವೂ ಬೈಗುಳ ಬೊಮ್ಮಯ್ಯನಿಗೆ.

ಏಳನೆಯ ದಿನ ಅವನೇ ಬಂದ. ಮೇಜಿನ ಕೆಳಗೆ ಬಗ್ಗಿ ನೋಡಿದ.

"ಕಾಲು ಎಂತಕ್ಕೆ ಕೊಯ್ದ್ರಿ?"

"ಉದ್ದ ಗಿಡ್ಡ ಇತ್ತಲ್ಲ ಮಾರಾಯ."

"ಇರೂಕೇ ಬೇಕಾಗಿತ್ತು."

ಸುಮಿತ್ರಾಳ ಹತ್ತಿರ ಒಂದು ಲೋಟ ನೀರು ಕೇಳಿದ. ಕುಡಿಯಲಿಕ್ಕೆಂದುಕೊಂಡೆ. ಕೋಣೆಯ ಮೂಲೆಯಲ್ಲಿ ನಿಧಾನ ಚೆಲ್ಲಿದ. ನೀರು ಮೇಜಿನಡಿಯಿಂದ ಹಾದು ನೇರ ಬಾಗಿಲ ಹೊಸ್ತಿಲಿಗೆ ಹೋಗಿ ನಿಂತಿತು.

"ಈ ನೆಲ ಯಾರು ಹಾಕ್ಸಿದ್ದು?" ಎಂದ.

ನಾನೇ ಹಾಕಿಸಿದ್ದು. ತೊಳೆದ ನೀರು ಹೊರಗೆ ಹರಿಯಬೇಕೆಂದು, ಇಳುಕಲು ಸಾಲದೆಂದು ಗಾರೆಯವನಿಂದ ಎರಡು ಸಲ ಕೀಳಿಸಿ ಹಾಕಿಸಿದ್ದೆ. ಬೊಮ್ಮಯ್ಯ ಅಂದು ನಳಿಗೆ ಹಿಡಿದು ನೋಡಿದ್ದು ಆ ಇಳುಕಲನ್ನೇ; ಕಾಲು ಉದ್ದ ಗಿಡ್ಡ ಮಾಡಿದ್ದೂ ಅದಕ್ಕೇ.

"ದಿನಾ ನೆಲ ತೊಳೆಯೂದು ನಾನು. ನನ್ನ ಕೇಳಿದ್ರೆ ಹೇಳ್ತಿದ್ದೆ" ಎಂದಳು ಸುಮಿತ್ರಾ.

ಬೊಮ್ಮಯ್ಯ ಸಿಟ್ಟು ಮಾಡಲಿಲ್ಲ. "ದೋಣಿ ಎಲ್ಲ ಫೈಬರ್ ಆತು. ಈ ಮಳೆಗಾಲ ಆ ಬಾಗ್ಲ ಕೆಲ್ಸದ ಮೇಲೇ ಇತ್ತು ನಂದು ಹೊಟ್ಟೆಪಾಡು" ಎಂದಷ್ಟೇ ಹೇಳಿದ. ನನಗೆ ನಾಚಿಕೆಯಾಯಿತು. ಬೈದಿದ್ದರೆ ವಾದ ಮಾಡಬಹುದಿತ್ತು.

ಕೊಯ್ದ ಮೂರು ತುಂಡುಗಳಲ್ಲಿ ಎರಡು ಸಿಕ್ಕವು. ಒಂದು ಬಚ್ಚಲ ಒಲೆ ಸೇರಿತ್ತು. ಬೊಮ್ಮಯ್ಯ ಎರಡನ್ನೂ ಬಿಗಿದು, ಸುತ್ತ ನೋಡಿ, ಮಡಚಿಟ್ಟಿದ್ದ ನನ್ನ ಅಳತೆಪಟ್ಟಿಯನ್ನು ಎತ್ತಿ ಮೂರನೆಯ ಕಾಲಿನಡಿ ತಳ್ಳಿದ. ದಪ್ಪ ಸರಿಹೋಯಿತು. ರೈಲು ಇಟ್ಟಲ್ಲೇ ನಿಂತಿತು.

ಆ ಸಂಜೆಯೇ ಚಹಾದಂಗಡಿಗೆ ಹೋಗಿ ಎಲ್ಲರೆದುರು ತಪ್ಪು ನನ್ನದೆಂದೆ. ಮೊದಲ ಸಲಕ್ಕಿಂತ ಜೋರಾಗಿ ನಕ್ಕರು. ಈ ಸಲ ಶಾಂತಾರಾಮನೂ ನಕ್ಕ. ಕೆಲಸ ಬೊಮ್ಮಯ್ಯನಿಗೇ ವಾಪಸ್ಸಾಯಿತು. ಅವನು ಹಾಕಿದ್ದು ಒಂದೇ ಶರತ್ತು: ಬಾಗಿಲೆಲ್ಲ ಕೂರಿಸಿ ಮುಗಿಯುವವರೆಗೆ ನಾನು ಆ ಕಡೆ ಸುಳಿಯಬಾರದು. ಈಗ ಹೊರಕೋಣೆಯಲ್ಲಿ ಕೂತು ರೈಲು ಓಡಿಸುತ್ತಿದ್ದೇನೆ. ಕಿಟಕಿಯಿಂದ ನೋಡಿದರೆ ಶಾಂತಾರಾಮನ ಎಡಗಡೆಯ ಬಾಗಿಲು ತುಸು ವಾಲಿದಂತೆ ಕಾಣುತ್ತದೆ. ಅಳೆದು ನೋಡೋಣವೆಂದರೆ ಪಟ್ಟಿ ಕಾಲಿನಡಿ ಇದೆ.