ಹೀಬ್ರೂ ಪುಸ್ತಕಗಳಿಗೆ ನಾನು ಇಟ್ಟ ಹೆಸರು

ನಿವೃತ್ತಿಯವರೆಗೂ ಮೈಸೂರಿನ ಕಾಲೇಜೊಂದರ ಗ್ರಂಥಾಲಯವನ್ನು ಆಳಿದವಳು ನಾನು. ಹೀಗಾಗಿ, ಈಗ ನಾವಿರುವ ಅಮೆರಿಕದ ರೆಡ್‌ವುಡ್ ಸಿಟಿಯಲ್ಲಿ ಪಕ್ಕದ ಮನೆಯ ಮಿರಿಯಮ್, "ನಮ್ಮ ಪ್ರಾರ್ಥನಾ ಮಂದಿರದ ಪುಸ್ತಕಗಳಿಗೆ ಕ್ಯಾಟಲಾಗು ಮಾಡಿಕೊಡ್ತೀರಾ? ಮುಂದಿನ ವಾರ ನಮ್ಮ ಯಹೂದಿ ಹೊಸ ವರ್ಷ" ಎಂದಾಗ ತಕ್ಷಣ ಒಪ್ಪಿದೆ. ಪುಸ್ತಕಗಳು ಹೀಬ್ರೂ ಭಾಷೆಯವು. ನನಗೆ ಹೀಬ್ರೂ ಬಾರದು. ಅದೇನು ಮಹಾ? ಭೌತಶಾಸ್ತ್ರ ಬಾರದೆಯೇ ಅದರ ಕಪಾಟನ್ನು ನಿಭಾಯಿಸಿದವಳು!

ನನ್ನವರು ಶ್ರೀಧರ, ಸಹಾಯಕ್ಕೆ ಬಂದರು. ನಾನು ರಟ್ಟು ತೆರೆದು ಮೊದಲ ಪುಟ ಹಿಡಿದರೆ, ಅವರು ಅಕ್ಷರಗಳಿಗೆ ಫೋನು ಹಿಡಿದು ಅನುವಾದ ಓದುತ್ತಿದ್ದರು.

"ಮುಗಿಯಿತು, ಸಂಪೂರ್ಣವಾಯಿತು."

ಎರಡನೆಯ ಪುಸ್ತಕಕ್ಕೂ ಅದೇ ಹೆಸರು. ಮೂರನೆಯದಕ್ಕೂ.

"ಏನೇ ಇದು, ಎಲ್ಲಾದಕ್ಕೂ ಒಂದೇ ಟೈಟಲ್ಲು?"

"ನಮ್ಮಲ್ಲಿ ಪಂಚಾಂಗ ಎಷ್ಟು ಜನ ಅಚ್ಚು ಹಾಕಲ್ಲ? ಇದೂ ಹಂಗೇ."

"ಒಂದು ದಪ್ಪ ಇದೆ, ಒಂದು ತೆಳ್ಳಗಿದೆಯಲ್ಲೇ."

"ಅದು ಎಡಿಷನ್ನು ಕಣ್ರೀ. ನಿಮಗೆ ಗೊತ್ತಾಗಲ್ಲ."

ಒಂದೇ ಕೃತಿಯ ಇಷ್ಟೊಂದು ಪ್ರತಿ ಜಾಗ ತಿನ್ನುವುದು ಗ್ರಂಥಾಲಯ ಶಾಸ್ತ್ರಕ್ಕೆ ಸಮ್ಮತವಲ್ಲ. ಚೆನ್ನಾಗಿದ್ದ ಎರಡನ್ನು ಉಳಿಸಿ, ಮಿಕ್ಕವನ್ನು ಮಂದಿರದ ಹಿತ್ತಲಿನ ರೀಸೈಕಲ್ ಡಬ್ಬಿಗೆ ಸಾಗಿಸಿದೆವು. ಮರುಬಳಕೆ ಪುಣ್ಯದ ಕೆಲಸ.

ಕಾಫಿ ಹಿಡಿದು ಬಂದ ಮಿರಿಯಮ್ ಖಾಲಿ ಕಪಾಟು ನೋಡಿ ನಿಂತುಬಿಟ್ಟಳು. ನಾನು ಹೆಮ್ಮೆಯಿಂದ ವಿವರಿಸಿದೆ. ಅವಳು ಉಳಿದಿದ್ದ ಎರಡರಲ್ಲಿ ಒಂದು ಪುಸ್ತಕವನ್ನು ತಿರುಗಿಸಿ ಹಿಂದಿನ ರಟ್ಟಿನಿಂದ ತೆರೆದಳು.

"ಹೀಬ್ರೂ ಬಲದಿಂದ ಎಡಕ್ಕೆ. ನೀವು ಓದಿರೋದು ಕೊನೇ ಪುಟ. ಮುಗೀತು ಅಂತ ಅಚ್ಚಿನವರು ಹಾಕ್ತಿದ್ದ ಮಾತು ಅದು."

ದಿನದ ಪ್ರಾರ್ಥನೆ, ಹಬ್ಬದ ಪ್ರಾರ್ಥನೆ, ಉಪವಾಸದ ಪ್ರಾರ್ಥನೆ, ಎಲ್ಲವನ್ನೂ ನಾನು ಒಂದೇ ಮಾಡಿದ್ದೆ.

"ದೇವರ ಹೆಸರಿರೋ ಪುಸ್ತಕ ಹರಿದರೂ ನಾವು ಬಿಸಾಡಲ್ಲ" ಎಂದಳು ಮೆಲ್ಲಗೆ. "ಸ್ಮಶಾನದಲ್ಲಿ ಹೂಳ್ತೀವಿ."

ಪೇಪರು ಕಾಲಿಗೆ ತಗುಲಿದರೂ ಕಣ್ಣಿಗೊತ್ತಿಕೊಳ್ಳುವವಳು ನಾನು. ಅಷ್ಟರಲ್ಲಿ ಹಿತ್ತಲಲ್ಲಿ ಕಸದ ಟ್ರಕ್ಕಿನ ಸದ್ದು.

ಓಡಿದೆವು. ಟ್ರಕ್ಕಿಗೂ ಡಬ್ಬಿಗೂ ನಡುವೆ ನಾನು ಕೈ ಚಾಚಿ ನಿಂತೆ. ಮಂಡಿನೋವಿನ ಶ್ರೀಧರ ಡಬ್ಬಿಯೊಳಗೆ ಸೊಂಟದವರೆಗೆ ಬಗ್ಗಿದರು.

ಡ್ರೈವರು ತಲೆ ಹೊರಗೆ ಹಾಕಿದ. "ಏನ್ ಮ್ಯಾಮ್, ಉಂಗುರ ಕಳಕೊಂಡ್ರಾ?"

"ಉಂಗುರ ಅಲ್ಲ, ದೇವರು."

ಅವನು ಎಂಜಿನ್ ಆಫ್ ಮಾಡಿದ.

ಪುಸ್ತಕಗಳೆಲ್ಲ ಸಿಕ್ಕವು. ಒಂದಕ್ಕೆ ಮಾತ್ರ ಯಾರದೋ ಪಿಜ್ಜಾದ ಚೀಸು ಅಂಟಿ, ಪುಟ ಬಿಡಿಸಿದರೆ ಹರಿಯಿತು. ಹೊಸ ವರ್ಷ ಕಳೆದ ಮೇಲೆ ಅದನ್ನು ಹೂಳುವಾಗ ನಾನೂ ಹೋಗಿ ಒಂದು ಹಿಡಿ ಮಣ್ಣು ಹಾಕಿದೆ. ಕಣ್ಣು ತುಂಬಿತು. ಪಕ್ಕದ ಸಮಾಧಿಗೆ ಬಂದಿದ್ದ ಹಿರಿಯರೊಬ್ಬರು ನನ್ನ ಭುಜ ತಟ್ಟಿ, "ತೀರಿಕೊಂಡವರು ಹತ್ತಿರದವರಾ?" ಎಂದು ಕೇಳಿದರು. ಮಿರಿಯಮ್ ಆ ಕಡೆ ತಿರುಗಿ ನಗು ನುಂಗಿದಳು.

ಈಗಲೂ ಮಂದಿರದಲ್ಲಿ ನನಗೆ ಕೆಲಸವಿದೆ. ಕುರ್ಚಿ ಜೋಡಿಸುತ್ತೇನೆ. ಆಗಲೂ ಮಿರಿಯಮ್ ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾಳೆ.