ಸರದಿ ತಪ್ಪದ ಮಾವ

ನನ್ನ ಸೋದರಮಾವನನ್ನು ನೀವು ಏನೇ ಕೇಳಿ, ಉತ್ತರ ಖಂಡಿತ ಸಿಗುತ್ತದೆ. ಆದರೆ ಅದು ನಿಮ್ಮ ಪ್ರಶ್ನೆಗಲ್ಲ, ನಿಮಗಿಂತ ಮೊದಲು ಕೇಳಿದವರ ಪ್ರಶ್ನೆಗೆ!

ಮಾವನ ಮನೆ ಮದ್ದೂರಿನಲ್ಲಿ. ಭಾರತೀನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾರೆ. ನಾವು ಮೌಸ್ ಆಡಿಸಿದ್ದು, ಕೀ ಒತ್ತಿದ್ದು ಎಲ್ಲವೂ ಕಂಪ್ಯೂಟರಿನೊಳಗೆ ಒಂದು ಸರದಿಯಲ್ಲಿ ಹೋಗಿ ನಿಲ್ಲುತ್ತವಂತೆ. ಪರದೆಯ ಕಿಟಕಿಗಳನ್ನು ನಡೆಸುವ ಪ್ರೋಗ್ರಾಂ ಒಂದೊಂದನ್ನೇ ಕರೆದು ವಿಚಾರಿಸಿ ಕಳಿಸುತ್ತದಂತೆ. ಪಾಠವನ್ನು ಕಾಲೇಜಿನಲ್ಲೇ ಬಿಟ್ಟು ಬರಬೇಕಲ್ಲವೇ? ಮಾವ ಅದನ್ನು ಬಸ್ಸು ಹತ್ತಿಸಿಕೊಂಡು ಮನೆಗೂ ತಂದರು.

ಒಂದು ಬೆಳಿಗ್ಗೆ ಅತ್ತೆ, "ಗ್ಯಾಸ್ ಮುಗ್ದೋಗದೆ, ಬುಕ್ ಮಾಡಿ" ಎಂದರು. ಮಾವ ಪೇಪರ್ ಓದುತ್ತಿದ್ದರು. "ಕಾಫಿಗೆ ಸಕ್ರೆ ಎಷ್ಟ್ ಆಕ್ಲಿ?" ಎಂದರು ಅತ್ತೆ. "ಮಾಡ್ತೀನಿ" ಎಂದರು ಮಾವ. ಅಷ್ಟರಲ್ಲಿ ಪಕ್ಕದ ಮನೆಯವರು ಓಡಿಬಂದು, "ಸಾ, ನಿಮ್ ಇತ್ಲಲ್ಲಿ ಆವು!" ಎಂದು ಕೂಗಿದರು. ಮಾವ ತಲೆ ಎತ್ತದೆ, "ಒಂದ್ ಚಮಚ ಸಾಕು" ಎಂದರು.

"ಆವ್ಗಾ ಸಾ?" ಎಂದು ಅವರು ಬಾಯಿ ಬಿಟ್ಟು ನಿಂತರು. ಹಾವಿಗೆ ಅಷ್ಟು ತಾಳ್ಮೆ ಎಲ್ಲಿ ಬರಬೇಕು? ತನ್ನ ಸರದಿ ಬರುವ ಮೊದಲೇ ಅದು ಹೊರಟುಹೋಗಿತ್ತು.

ಇನ್ನೊಮ್ಮೆ, ಬಚ್ಚಲ ನಲ್ಲಿ ಸೋರುತ್ತಿದೆ ಎಂದು ಅತ್ತೆ ವಾರವಿಡೀ ಹೇಳಿದ ಮೇಲೆ ಮಾವ ಸ್ಪ್ಯಾನರ್ ಹಿಡಿದು ಕೂತರು.

"ಮೌಸ್ ಓಡಾಡ್ವಾಗ ಸುದ್ದಿ ಮೇಲ್ ಸುದ್ದಿ ಬತ್ತದೆ. ಎಲ್ಲಾನೂ ಸೇರ್ಸಿ ಒಂದ್ ಮಾಡ್ಕಬೋದು. ಕೊನೇಗೆ ಎಲ್ ನಿಂತ್ಕತ್ತು ಅಂತ ನೋಡುದ್ರೆ ಸಾಕು" ಎಂದು ನನಗೆ ಪಾಠ ಶುರುವಾಯಿತು.

ಅತ್ತೆ ಸೊಂಟಕ್ಕೆ ಕೈಯಿಟ್ಟು, "ಅಂಗಾರೆ ನಾನ್ ವಾರವೆಲ್ಲ ಬಾಯ್ ಬಡ್ಕಂಡಿದ್ದು?" ಎಂದರು.

"ಒಂದೇ ಸಲ. ಅದೂ ಇವತ್ತಿಂದು!"

ನಗು ತಡೆದುಕೊಂಡು ನಾನು ಕೇಳಿದೆ, "ಕೀ ಒತ್ತಿದ್ದನ್ನೂ ಹಂಗೇ ಸೇರ್ಸ್ತಾರಾ ಮಾವ?"

"ಸೇರ್ಸಂಗಿಲ್ಲ ಕಣಮ್ಮ. ಒತ್ತಿದೋರ್ಗೆ ಒಂದೊಂದ್ ಅಕ್ಷರನೂ ಬೇಕಾಗಿರ್ತದೆ. ಒಂದನ್ನೂ ನುಂಗ್ಬಾರ್ದು."

ಆ ಮಾತನ್ನು ನಾನು ಮರೆತೂ ಬಿಟ್ಟಿದ್ದೆ. ಈಗ ಅಜ್ಜಿಗೆ, ಅಂದರೆ ಮಾವನ ತಾಯಿಗೆ, ಮರೆವು ಬಂದಿದೆ. ಅಜ್ಜ ಮಳವಳ್ಳಿಯಾಚೆ ಬ್ಲಫ್ ಎಂಬಲ್ಲಿನ ವಿದ್ಯುತ್ ಕೇಂದ್ರದಲ್ಲಿ ಶಿಫ್ಟ್ ಕೆಲಸದಲ್ಲಿದ್ದರು. ಅವರು ಬರುವ ಸುದ್ದಿ ತಿಳಿಯದೆ ಅಜ್ಜಿ ಎಂದೂ ಉಂಡವಳಲ್ಲ. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಯಿತು. ಅಜ್ಜಿ ಮಾತ್ರ ಇನ್ನೂ ಕಾಯುತ್ತಾಳೆ. ಯಾರೂ ಉತ್ತರ ಕೊಡದಿದ್ದರೆ ತಟ್ಟೆ ಸರಿಸಿಬಿಡುತ್ತಾಳೆ. ಹಾಗೆ ಸರಿಸಿ ಸರಿಸಿ ಕೈ ಬರೀ ಮೂಳೆಯಾಗಿದೆ.

ಮೊನ್ನೆ ಸಂಜೆ ನಾನು ಹೋದಾಗ ಮಾವ ಮುದ್ದೆ ಮುರಿದು ತುತ್ತು ಮಾಡುತ್ತಿದ್ದರು.

"ನಿಮ್ಮಪ್ಪ ಬಂದ್ರೇನ್ಲಾ?"

"ಬಸ್ಸು ಮಳವಳ್ಳಿ ಬುಟ್ಟದಂತೆ ಕಣವ್ವ. ನೀನ್ ಉಣ್ಣು."

ಅಜ್ಜಿ ಒಂದು ತುತ್ತು ನುಂಗಿದಳು. "ನಿಮ್ಮಪ್ಪ ಬಂದ್ರೇನ್ಲಾ?"

"ಬಸ್ಸು ಮಳವಳ್ಳಿ ಬುಟ್ಟದಂತೆ ಕಣವ್ವ."

ಹಾವನ್ನೇ ಕಾಯಿಸಿದ ಮನುಷ್ಯ, ತಾಯಿಯ ಮಾತು ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದರು! ಧ್ವನಿಯಲ್ಲಿ ಬೇಸರವಿಲ್ಲ, ಅವಸರವಿಲ್ಲ. ಆ ಬಸ್ಸು ಮಾತ್ರ ಮಳವಳ್ಳಿಯಿಂದ ಮುಂದಕ್ಕೆ ಬರುತ್ತಲೇ ಇರಲಿಲ್ಲ. ಬಂದರೆ ಅಜ್ಜ ಇಳಿಯಬೇಕಲ್ಲ!

ಹಗಲೆಲ್ಲ ಇದೇ ಪ್ರಶ್ನೆ ಕೇಳಿಸಿಕೊಂಡು ದಣಿದಿದ್ದ ಅತ್ತೆಯ ಕಣ್ಣಲ್ಲಿ ನೀರು ಬಂತು. "ಇದ್ನೂ ಎಲ್ಲಾ ಸೇರ್ಸಿ ಒಂದ್ಸಲ ಯೋಳಿ ಬುಟ್ಬುಡಬಾರ್ದಾ?" ಎಂದರು.

"ಇದು ಮೌಸ್ ಓಡಾಟ ಅಲ್ಲ ಕಣೆ. ಅವ್ವ ಪ್ರತಿಸಲನೂ ಕೀ ಒತ್ತಾವ್ಳೆ" ಎಂದರು ಮಾವ.

"ನಿಮ್ಮಪ್ಪ ಬಂದ್ರೇನ್ಲಾ?"

ಈ ಸಲ ಮಾವ ಮುಖ ಆಚೆ ತಿರುಗಿಸಿ ತೋಳಿಗೆ ಕಣ್ಣೊರೆಸಿಕೊಂಡರು. ಅಜ್ಜಿಯ ಕೈ ತಟ್ಟೆಯ ಅಂಚಿಗೆ ಹೋಯಿತು. ಆಗ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಪಕ್ಕದಲ್ಲಿ ಕೂತು, "ಬಸ್ಸು ಭಾರತೀನಗರ ದಾಟ್ತಂತೆ ಕಣತ್ತೆ, ಇನ್ನೇನ್ ಬಂದ್ಬುಡ್ತಾರೆ" ಎಂದರು.

ಅಜ್ಜಿಯ ಮುಖ ಅರಳಿತು. "ಅಂಗಾರೆ ಅವ್ರ್ಗೂ ತಟ್ಟೆ ಇಡವ್ವ" ಎಂದು ಬಾಯಿ ತೆರೆದಳು.

ಅತ್ತೆ ಎದ್ದು ಹೋಗಿ ಇನ್ನೊಂದು ತಟ್ಟೆ ತಂದಿಟ್ಟರು.